ಒಳಹೊಲಿಗೆ

ಪೋಲೆಂಡಿನ ವುಚ್, ನಾಲ್ಕನೇ ಮಹಡಿ. ಲಿಫ್ಟಿಲ್ಲ.
ಏದುಸಿರು ನನ್ನದು. ಬಾಗಿಲು ತೆರೆದ ಗೆನೊವೆಫಾಳ ಲಂಗ
ಇವತ್ತೇ ಅಳತೆ ತೆಗೆದು ಹೊಲಿದ ಹಾಗೆ.

"ಊಟ?"
"ಆಯ್ತಲ್ಲ. ಸೂಪು, ಬ್ರೆಡ್ಡು."
ನಾನು ಕೇಳಿದ್ದು ಇವತ್ತಿನದು,
ಅವಳು ಹೇಳಿದ್ದು ಯಾವತ್ತಿನದೋ.
ಫ್ರಿಜ್ಜಿನಲ್ಲಿ ಅರ್ಧ ನಿಂಬೆ, ಒಂದು ಬೀಟ್‌ರೂಟು,
ಬೆಳಕು.

ಫೈಲಿನಲ್ಲಿ ಡಾಕ್ಟರ ಅಕ್ಷರ: ವಯಸ್ಸಿಗೆ ತಕ್ಕ ಮೈಕಟ್ಟು.
ತೂಕದ ಯಂತ್ರ ಅಂದು ಕೆಟ್ಟಿತ್ತಂತೆ;
ಅವರು ನೋಡಿದ್ದು ಲಂಗವನ್ನು.

ಮೀನಖಂಡದ ಸುತ್ತಳತೆ ಬೇಕು. ಚೀಲ ತಡಕಿದೆ,
ಟೇಪು ಮರೆತು ಬಂದಿದ್ದೆ.
ಅವಳದ್ದೇ ಬಂತು, ಗಿರಣಿ ಕಾಲದ್ದು, ಅಂಚು ಸವೆದ ಹಳದಿ.
ಕನ್ನಡಕವಿಲ್ಲದೆ ತಾನೇ ಓದಿದಳು:
"ಇಪ್ಪತ್ತೆಂಟು."
ಮೂವತ್ತೊಂದಾದರೂ ಇರಬೇಕು, ಎಂದೆ.
"ಮೂರು ಸೆಂಟಿಮೀಟರು ತಾನೇ? ಒಂದು ಹೊಲಿಗೆಯ ಮಾತು."

ಆಮೇಲೆ, ಯಾಕೋ, ಸೊಂಟಪಟ್ಟಿ ಮಗುಚಿ ತೋರಿಸಿದಳು.
ಹೊರಗೆ ಒಂದು ಸುಕ್ಕಿಲ್ಲ. ಒಳಗೆ ಐದು ಸಾಲು:
ಕಪ್ಪು ದಾರ, ತಮ್ಮ ತೀರಿಕೊಂಡ ಚಳಿಗಾಲ;
ಕಂದು, ಕಟ್ಟುಹಲ್ಲು ಸಡಿಲಾಗಿ ಮಾಂಸ ಬಿಟ್ಟಿದ್ದು;
ನೀಲಿ, ಕೆಳಗಿನ ಅಂಗಡಿ ಮುಚ್ಚಿದಾಗ;
ಮತ್ತೆ ಕಪ್ಪು, ಅದು ನೆನಪಿಲ್ಲ;
ಬಿಳಿ ಮೊನ್ನೆಯದು, ಬೇರೆ ದಾರ ಮುಗಿದಿತ್ತು.

ನಲವತ್ತು ವರ್ಷ ಯಾರುಯಾರದೋ ಮೈಯ ಐಬು ಮುಚ್ಚಿದ ಕೈ
ತನ್ನದನ್ನೂ ಮುಚ್ಚಿತ್ತು, ಅಚ್ಚುಕಟ್ಟಾಗಿ.

ಫಾರಂ ಕೇಳುತ್ತದೆ: ತೂಕ ಇಳಿದಿದೆಯೆ?
'ಗೊತ್ತಿಲ್ಲ' ಎಂಬಲ್ಲಿ ಹಾಕಿದ್ದ ಗುರುತು ಹೊಡೆದುಹಾಕಿ
ಬಿಳಿಗೂ ನೀಲಿಗೂ ನಡುವೆ ಟೇಪು ಹಿಡಿದೆ.

"ದಪ್ಪಗಾದರೆ ಬಿಚ್ಚಬೇಕಲ್ಲ," ಅಂದಳು,
"ಯಾವುದರಿಂದ ಶುರು ಮಾಡಲಿ?"
"ಬಿಳಿಯಿಂದ."
ಪಕ್ಕದ ಮನೆಯಲ್ಲಿ ಬೇಡಿ ತಂದ ಎರಡು ಮೊಟ್ಟೆ
ಒಲೆಯ ಮೇಲೆ ಒಂದಕ್ಕೊಂದು ತಾಗುತ್ತಿದ್ದವು.