ನೀರುಳ್ಳಿಯ ಲೆಕ್ಕ

ಇಪ್ಪತ್ತೆರಡು ವರ್ಷ ಹಡಗಿನ ಭಂಡಾರಿ ನಾನು,
ದತ್ತಾರಾಮ ಗಿರಪ್, ಬೈತಖೋಲದವನು.
ಎಷ್ಟು ದೇಶ ನೋಡಿದೆ ಅಂತ ಕೇಳುವವರಿಗೆ
ಪಾಸ್‌ಪೋರ್ಟು ತೋರಿಸುವುದಿಲ್ಲ,
ಅಂಗೈ ಮೂಸಲು ಕೊಡುತ್ತೇನೆ.

ಲೋಕ ನನ್ನ ಹತ್ತಿರ ಬಂದದ್ದು ಗೋಣಿಚೀಲದಲ್ಲಿ.
ಅಲೆಕ್ಸಾಂಡ್ರಿಯಾದ ನೀರುಳ್ಳಿ ಕೆಂಪು, ಒರಟು, ಮುಂಗೋಪಿ.
ರಾಟರ್‌ಡ್ಯಾಮಿನದು ಒಂದೇ ಅಳತೆ, ಒಂದೇ ತೂಕ,
ಹೆಚ್ಚಿದರೆ ಕಣ್ಣೀರೂ ಬಾರದಷ್ಟು ಸಭ್ಯ.
ಬೂಸಾನಿನದನ್ನು ಬಿಡಿಸಿದರೆ ಒಳಗೆಲ್ಲ ಚಳಿ.
ಡರ್ಬನ್ನಿನ ಚೀಲದಲ್ಲಿ ಒಮ್ಮೆ ಸತ್ತ ಓತಿಕ್ಯಾತ ಸಿಕ್ಕಿತ್ತು;
ನಾನು ಕಂಡ ಆಫ್ರಿಕಾದ ಕಾಡುಪ್ರಾಣಿ ಅದೊಂದೇ.

ಉಳಿದದ್ದು ದುಂಡು ಕಿಟಕಿ:
ತಟ್ಟೆಯಷ್ಟು ಆಕಾಶ, ಕ್ರೇನಿನ ಕುತ್ತಿಗೆ,
ದಕ್ಕೆಯಲ್ಲಿ ಕೈ ಬೀಸುವವರು, ಯಾರಿಗೆ ಬೀಸುತ್ತಿದ್ದರೋ.
ನಲವತ್ತು ಜನರ ಅನ್ನ ಬಸಿದು ತಲೆ ಎತ್ತುವಷ್ಟರಲ್ಲಿ
ಊರು ಹಿಂದೆ ಸರಿದಿರುತ್ತಿತ್ತು.

ಈ ವರ್ಷ, ಹೋಳಿ ಮುಗಿದ ವಾರ,
ಬಲೆ ಒಣಹಾಕಿದ ಮರಳಿಗೆ
ಹಳದಿ ಕಯಾಕೊಂದು ಬಂದು ತಾಗಿತು,
ಯಾರೋ ಮರೆತು ಬಿಟ್ಟ ಬಾಳೆಹಣ್ಣಿನ ಹಾಗೆ.
ಇಳಿದವಳು ಹಿಮೇನಾ. ಗೋವೆಯಿಂದ ಒಬ್ಬಳೇ
ಹುಟ್ಟು ಹಾಕುತ್ತ ಮಂಗಳೂರಿಗೆ ಹೊರಟವಳು.
ಮೂಗು ಸುಲಿದಿತ್ತು, ಅಂಗೈಯಲ್ಲಿ ಬೊಬ್ಬೆ,
ಕಣ್ಣು ಮಾತ್ರ ಶಾಲೆ ಬಿಟ್ಟ ಮಕ್ಕಳದು.

ನನ್ನ ಖಾನಾವಳಿಯ ಬೆಂಚಿನಲ್ಲಿ ಕೂತು
ತಿಸ್ರೆ ಸುಕ್ಕೆಯನ್ನು ಬೆರಳು ನೆಕ್ಕಿ ತಿಂದಳು.
ತಿರಫಳ ಕಚ್ಚಿ, ನಾಲಿಗೆ ಜುಮ್ಮೆಂದದ್ದಕ್ಕೆ ಬೆಚ್ಚಿ,
ಇನ್ನೊಂದು ಕೊಡಿ ಎಂದಳು.
ಯಾವೂರು ಅಂತ ಕೇಳಿದೆ, ಹಡಗಿನ ಇಂಗ್ಲಿಷಿನಲ್ಲಿ.
ವಾಲ್ಪರೈಸೊ.

ಸೌಟು ಕೆಳಗಿಟ್ಟೆ.

ಹನ್ನೊಂದು ತಾಸು ನಿಂತಿದ್ದೆವು ಅಲ್ಲಿ, ತೊಂಬತ್ತಾರರಲ್ಲಿ.
ನಾನು ಇಳಿದದ್ದು ನೀರುಳ್ಳಿಗೆ. ಕಂಡದ್ದು
ಗುಡ್ಡಕ್ಕೆ ಒಂದರ ಮೇಲೊಂದು ಅಂಟಿಸಿದ ಬಣ್ಣದ ಮನೆಗಳು,
ಮುಗಿಯದ ಮೆಟ್ಟಿಲು, ಮತ್ತೆ
ಚೀಲ ಹೊತ್ತ ನನ್ನನ್ನು ಹಡಗಿನ ಏಣಿಯವರೆಗೆ
ಬಿಟ್ಟು ಹೋದ ಒಂದು ಕುಂಟ ನಾಯಿ.

ನಕ್ಕಳು. ನಮ್ಮೂರ ನಾಯಿಗಳೇ ಹಾಗೆ,
ಯಾರನ್ನೂ ಒಬ್ಬರೇ ಹೋಗಲು ಬಿಡುವುದಿಲ್ಲ.
ಆಮೇಲೆ ಸೋಲ್‌ಕಡಿಯ ಲೋಟ ತಿರುಗಿಸುತ್ತ ಕೇಳಿದಳು:
ಆ ರಾತ್ರಿ ಗುಡ್ಡದ ಮೇಲೆ ದೀಪಗಳಿದ್ದವಾ?
ಇದ್ದವು, ಎಣಿಸಲಾರದಷ್ಟು.
ಎಡಕ್ಕೆ, ಮೇಲೆ, ತೀರ ತುದಿಗೆ?
ನನಗಾಗ ನಾಲ್ಕು ವರ್ಷ. ಮಲಗು ಅಂದರೆ ಮಲಗದೆ
ಅಜ್ಜಿಯ ಕಿಟಕಿಯಿಂದ ಹಡಗುಗಳಿಗೆ ಹೆಸರಿಡುತ್ತಿದ್ದೆ.

ನಮ್ಮ ಹಡಗಿಗೆ ಏನು ಇಟ್ಟಿದ್ದಳೋ.
ಅವಳಿಗೂ ನೆನಪಿಲ್ಲ.

ಬೆಳಿಗ್ಗೆ ತನ್ನ ಸಾಮಾನು ಇಳಿಸಿ,
ಮುಂದಿನ ಹೊಂಡ ತೋರಿಸಿ, ಹತ್ತಿ ಎಂದಳು,
ದೇವಗಡದ ದೀಪಸ್ತಂಭ ಸುತ್ತಿ ಬರೋಣ.
ಹುಟ್ಟಿದಂದಿನಿಂದ ಕಾಣುವ ದೀಪ,
ಒಮ್ಮೆಯೂ ಹತ್ತಿರ ಹೋದವನಲ್ಲ ನಾನು.

ಬಿಸ್ಕೆ ಕೊಲ್ಲಿಯ ಚಳಿಗಾಲದಲ್ಲಿ
ಗೋಡೆಗೆ ಕಾಲು ಕೊಟ್ಟು ಸಾರು ಕುದಿಸಿದವನು,
ಮನೆಯಿಂದ ಅರ್ಧ ಮೈಲಿ ದಾಟಿರಲಿಲ್ಲ,
ಕರುಳು ಬುಡಮೇಲಾಗಿ ವಾಂತಿ.
ಮೀನುಗಳಿಗೆ ಹಬ್ಬ.
ಸಮುದ್ರ ನನಗೆ ಯಾವತ್ತೂ ಕೆಳಗಿತ್ತು,
ಮೂರು ಅಂತಸ್ತು ಕೆಳಗೆ, ಕಬ್ಬಿಣದ ಆಚೆ;
ಈಗ ಸೊಂಟದ ಮಟ್ಟಕ್ಕೆ ಬಂದು
ನೆರೆಮನೆಯವಳ ಹಾಗೆ ಮುಖ ಇಣುಕಿ ನೋಡುತ್ತಿತ್ತು.

ಅರ್ಧಕ್ಕೇ ತಿರುಗಿದೆವು.
ಆಗ ಕಂಡಿತು ಕಾರವಾರ:
ಸದಾಶಿವಗಡದ ಗುಡ್ಡ, ಕಾಳಿಯ ಬಾಯಿ,
ಗಾಳಿಮರಗಳ ಒಂದು ಗೀಟು.
ಹತ್ತಿರ ಬಂದಂತೆ ನನ್ನ ನೀಲಿ ತಗಡು,
ಅದರ ಕೆಳಗೆ ಸುಗಂಧಾ.
ಕೈ ಬೀಸುತ್ತಿದ್ದಳೋ, ಬೈಯುತ್ತಿದ್ದಳೋ,
ನನಗೇ ಅನ್ನುವುದು ಮಾತ್ರ ಖಾತ್ರಿ.

ಹೊರಡುವಾಗ ಹಿಮೇನಾಳ ಕೊರಳಿಗೆ
ಕುಮಟೆಯ ಸಿಹಿ ನೀರುಳ್ಳಿಯ ಒಂದು ಜಡೆ ಹಾಕಿದೆ.
ಹಸಿಯಾಗಿ ತಿನ್ನು, ಬೇಯಿಸಬೇಡ ಎಂದೆ,
ಭಂಡಾರಿಯಾಗಿ ಮೊದಲ ಬಾರಿ.
ಅಂಕೋಲೆಯ ಕಡೆ ಹಳದಿ ಚುಕ್ಕೆ ಸಣ್ಣದಾಯಿತು.

ದೀಪಸ್ತಂಭ ಹಾಗೇ ಬಾಕಿ.
ಅಣ್ಣನ ಮಗನ ದೋಣಿ ಕೇಳಿದ್ದೇನೆ, ಭಾನುವಾರಕ್ಕೆ.
ಜೇಬಿನಲ್ಲಿ ಎರಡು ಲಿಂಬೆ.