ಬಲಗೈಗೊಂದು ಹಲಗೆ

ಶಾರ್ಜಾ, ರೋಲಾದ ಹಿಂದಿನ ಗಲ್ಲಿಯಲ್ಲಿ
ನಮ್ಮ ಅಂಗಡಿ. ಎದುರಿಗೆ ಕೀಲಿಕೈ ಕೊರೆಯುವವ,
ಪಕ್ಕದಲ್ಲಿ ಪರೋಟ. ನಾನು ಮಾರುವುದು
ಬಣ್ಣ, ಕುಂಚ, ಕ್ಯಾನ್ವಾಸು;
ಹದಿನಾಲ್ಕು ವರ್ಷದಲ್ಲಿ ಒಂದು ಚಿತ್ರ ಬರೆದವನಲ್ಲ.
ಆದರೂ ಮರ ಗೊತ್ತು.
ಗಂಗೊಳ್ಳಿಯ ಖಾರ್ವಿ ನಾನು,
ದೋಣಿಯ ಹೊಟ್ಟೆಗೆ ಗೇರೆಣ್ಣೆ ಬಳಿದ ಕೈ;
ಆ ನಂಜಿಗೆ ಎದ್ದ ಬೊಕ್ಕೆಯ ಕಲೆ
ಮಣಿಕಟ್ಟಿನ ಮೇಲೆ ಇನ್ನೂ ಇದೆ.

ಹುಡುಗಿ ಬಂದದ್ದು ಜೂನಿನ ಒಂದು ಸಂಜೆ,
ಬೀದಿಯ ಬಿಸಿಗಾಳಿಯನ್ನೂ ಒಳಗೆ ಕರಕೊಂಡು.
ರಿಹಾಬ್. ಸುಡಾನಿನವಳು. ಹದಿಮೂರೋ ಹದಿನಾಲ್ಕೋ.
ಅವಳಪ್ಪ ಟ್ಯಾಕ್ಸಿ ಹೊರಗೆ ನಿಲ್ಲಿಸಿ
ದಂಡದ ಹೆದರಿಕೆಗೆ ಬಾಗಿಲಲ್ಲೇ ಅರ್ಧ.
ಅವಳ ಕೈಯಲ್ಲಿ ಬಿಳಿ ಪ್ಲಾಸ್ಟಿಕ್ ತಟ್ಟೆ:
"ಇದರಲ್ಲಿ ಅಮ್ಮ ಸರಿಯಾಗುವುದಿಲ್ಲ.
ಕಲಸುವಾಗ ತೀರ ಕಪ್ಪು ಅನಿಸಿ
ಹೆದರಿ ಬಿಳಿ ಬೆರೆಸುತ್ತೇನೆ;
ಹಚ್ಚಿದರೆ ಮುಖಕ್ಕೆ ಬೂದಿ ಬಡಿದ ಹಾಗೆ."

ಬಿಳಿಯ ಪಕ್ಕ ಕೂತರೆ ಯಾರೂ ಕಪ್ಪೇ, ಮರಾಯ್ತಿ,
ಮರದ್ದು ನೋಡು, ಎಂದೆ
ಹಿಂದಿಯೂ ಅರಬಿಯೂ ಕಲಸಿದ ನನ್ನ ಮಾತಲ್ಲಿ.

ಮೊದಲು ಹೆಬ್ಬೆರಳು, ಆಮೇಲೆ ಬೆಲೆ.
ತೂತಿನ ಅಂಚು ಬೆರಳ ಬುಡವನ್ನು ಕಚ್ಚಬಾರದು.
ಮುಂಗೈ ಮೇಲೆ ನಿದ್ದೆಹೋದ ಕೂಸಿನ ಹಾಗೆ
ಭಾರ ಇರಬೇಕು, ಜಾರಬಾರದು.
ಪ್ಲೈವುಡ್ಡಿನದು ಅಗ್ಗ;
ಇಲ್ಲಿಯ ಆಗಸ್ಟು ಕಂಡರೆ ಪದರ ಬಿಡುತ್ತದೆ.
ಇದು ಅಕ್ರೋಟು, ಎಳೆ ನೋಡು, ಒಂದೂ ಗಂಟಿಲ್ಲ.
ಬಳೆಯಂಗಡಿಯಲ್ಲಿ ಕೂತವಳಂತೆ
ಒಂದೊಂದೇ ತೊಟ್ಟಳು, ಒಂದೊಂದೇ ಕಳಚಿದಳು.
ಎಲ್ಲವೂ ಎಡಗೈಯಲ್ಲಿ ಹಿಡಿಯುವಂಥವು.
ಅವಳು ಕುಂಚ ಹಿಡಿಯುವುದೇ ಎಡಗೈಯಲ್ಲಿ.
ಮಗುಚಿ ಹಿಡಿದರೆ ತೂತಿನ ಓರೆ ಚರ್ಮ ಕೊರೆಯಿತು.

ಆಗ ನೆನಪಾಯಿತು, ಅಟ್ಟದ ಮೂಲೆಯಲ್ಲಿ
ತಪ್ಪಿ ಬಂದ ಒಂದು ಸರಕು, ತಿರುವುಮುರುವು ಕೊರೆದದ್ದು.
ಮೂರು ವರ್ಷದ ಹಿಂದೆ ಅರ್ಬಾಬ್ ಅದಕ್ಕೆ
'ಡ್ಯಾಮೇಜ್' ಚೀಟಿ ಅಂಟಿಸಿದ್ದ.
ನಾನೂ ನಂಬಿದ್ದೆ.
ಧೂಳು ಒರೆಸಿ ಕೊಟ್ಟೆ.
ಬಲ ಹೆಬ್ಬೆರಳು ಒಳಗೆ ಹೋಗಿ
ಸುಮ್ಮನಾಯಿತು.

ಹೋಗುವ ಮೊದಲು ಕೇಳಿಲ್ಲಿ.
ಇದಿನ್ನೂ ಬಾಯಾರಿದ ಮರ, ಹೀಗೇ ಬಣ್ಣ ಇಟ್ಟರೆ
ಬಣ್ಣದೊಳಗಿನ ಎಣ್ಣೆಯನ್ನೇ ಕುಡಿದುಬಿಡುತ್ತದೆ.
ನಾಲ್ಕು ಹನಿ ಅಗಸೆ ಎಣ್ಣೆ, ಹಳೆ ಬನಿಯನ್ನಿನ ಚೂರು.
ತೆಳ್ಳಗೆ ತಿಕ್ಕು. ಒಣಗಲಿ,
ನಾಳೆಯಲ್ಲ, ನಾಡಿದ್ದೂ ಅಲ್ಲ. ಮತ್ತೆ ತಿಕ್ಕು.
ಬೆನ್ನಿಗೂ. ತೂತಿನ ಒಳಗೂ.
ಒಂದೇ ಮಗ್ಗುಲಿಗೆ ಉಣಿಸಿದ ಮರ ಸೊಟ್ಟಗಾಗುತ್ತದೆ;
ನಮ್ಮಪ್ಪ ನೀರೊಳಗೆ ಯಾರಿಗೂ ಕಾಣದ ಹಲಗೆಗೇ
ಮೊದಲ ಎಣ್ಣೆ ಬಳಿಯುತ್ತಿದ್ದ.
ದಿನಾ ರಾತ್ರಿ ಚಾಕುವಿನಲ್ಲಿ ಹೆರೆ, ಒರೆಸು.
ನೀರಲ್ಲಿ ನೆನೆಸಬೇಡ, ಏಸಿಯ ಬಾಯಿಗೆ ಇಡಬೇಡ.
ಮತ್ತೆ ಆ ಎಣ್ಣೆ ಬಟ್ಟೆ,
ಮುದ್ದೆ ಮಾಡಿ ಎಸೆಯಬೇಡ, ನೀರಲ್ಲಿ ಮುಳುಗಿಸು.
ಅಪ್ಪನ ಕಾರಿನಲ್ಲಂತೂ ಬೇಡವೇ ಬೇಡ:
ಈ ಸೆಕೆಗೆ, ಯಾರೂ ಕಡ್ಡಿ ಗೀರದೆ,
ತನ್ನಷ್ಟಕ್ಕೆ ಹೊತ್ತಿಕೊಳ್ಳುತ್ತದೆ.
ಬಾಗಿಲಲ್ಲಿದ್ದವ ಮೊದಲ ಸಲ ಒಳಗೆ ತಿರುಗಿ ನೋಡಿದ.

ಫೆಬ್ರವರಿಯಲ್ಲಿ ಮತ್ತೆ ಬಂದಳು, ಎಣ್ಣೆ ಮುಗಿದಿತ್ತು.
ಹಲಗೆ ತಂದಿದ್ದಳು. ಟ್ಯೂಬ್‌ಲೈಟಿನ ಕೆಳಗೆ ಹಿಡಿದೆ:
ಜೇನಿನಂತಿದ್ದ ಮರ ಖರ್ಜೂರವಾಗಿದೆ,
ಬಾಗಿಲ್ಲ, ಬಿರಿದಿಲ್ಲ.
ಅಂಚಿನಲ್ಲಿ ಮಾತ್ರ ಹೆರೆಯದೆ ಬಿಟ್ಟ ಒಂದು ಬೊಟ್ಟು,
ಕಂದು, ಅದರಡಿಗೆ ತುಸು ನೀಲಿ, ಕಲ್ಲಾಗಿದೆ.
ಇದನ್ನ್ಯಾಕೆ ಒಣಗಲು ಬಿಟ್ಟೆ? ಗದರಿದೆ.

"ಅದು ಅಮ್ಮನ ಕತ್ತು.
ಸರಿಯಾಗಿ ಬಂದದ್ದು ಆವತ್ತೊಂದೇ ದಿನ.
ಮುಂದೆ ಕಲಸುವಾಗ ನೋಡಿಕೊಳ್ಳಲು ಬೇಕಲ್ಲ."

ಅಮ್ಮ ಎಲ್ಲಿದ್ದಾಳೆ ಎಂದು ಕೇಳುವವನಿದ್ದೆ.
ಸೀಸೆಯ ಮುಚ್ಚಳ ಇನ್ನೊಂದು ಸುತ್ತು ಬಿಗಿದು
ಕಾಗದ ಸುತ್ತಿ ಕೊಟ್ಟೆ.

ರಾತ್ರಿ ಲೆಕ್ಕದ ಪುಸ್ತಕದಲ್ಲಿ
'ಡ್ಯಾಮೇಜ್' ಹೊಡೆದುಹಾಕಿ
'ಬಲಗೈಯದು, ಇನ್ನೂ ಎರಡು ತರಿಸುವುದು' ಎಂದು ಬರೆದೆ.
ಯಾರು ಕೊಳ್ಳುತ್ತಾರೆ, ಅರ್ಬಾಬ್ ಬೈದ.
ಬೈಯಲಿ.