ಇಪ್ಪತ್ತೈದಕ್ಕೆ ಹದಿನೆಂಟು

ಶಿವಾಜಿನಗರದ ಆಸ್ಪತ್ರೆ, ನೆಲಮಾಳಿಗೆ.
ಸ್ಕ್ಯಾನಿನ ಯಂತ್ರ ಹಿಂದಿಯಲ್ಲಿ ಹೇಳುತ್ತದೆ: ಉಸಿರು ಹಿಡಿ.
ನಾನು ಕನ್ನಡದಲ್ಲಿ, ತಮಿಳಲ್ಲಿ, ಬಂದಷ್ಟು ದಖನಿಯಲ್ಲಿ
ಇನ್ನೊಮ್ಮೆ ಹೇಳುತ್ತೇನೆ.

ಪರದೆಯ ಮೇಲೆ ಚೌರಪ್ಪನ ಎದೆ:
ಡಿಸೆಂಬರಿನ ಬೆಳಗ್ಗೆ ಹೆಬ್ಬಾಳದ ಬಸ್ಸಿನ ಕಿಟಕಿ,
ಮಂಜು ಕೂತ ಗಾಜು,
ಅಂಚಿನಿಂದ ಒಳಕ್ಕೆ.
ಐದು ಹಾಲೆ, ಹಾಲೆಗೆ ಐದು ಅಂಕ.
ಹದಿನೆಂಟು ಅಂತ ಬರೆದೆ.
ಮೇಲಿನ ಮಹಡಿಯಲ್ಲಿ ಅದರರ್ಥ:
ಮನೆಯವರನ್ನು ಕರೆಸಿ.

ಮೊನ್ನೆ ಒಬ್ಬ ಹುಡುಗನಿಗೆ ಏಳು ಹಾಕಿದ್ದೆ.
ಇವತ್ತು ಅವನ ಹಾಸಿಗೆ ಖಾಲಿ.
ಮನೆಗೆ ಹೋದನೇ ಅಂತ
ಯಾರನ್ನೂ ಕೇಳಲಿಲ್ಲ.

ಚೌರಪ್ಪ ಒಳಗಿಂದಲೇ ಕೈ ಆಡಿಸಿದ್ದ,
ಕೆನ್ನೆ ಉಬ್ಬಿಸಿಕೊಂಡು:
ಬಿಡಲಾ?
ಬಿಡು ಅನ್ನುವುದನ್ನೇ ಮರೆತಿದ್ದೆ.
ಬ್ಯಾಂಡ್‌ಸೆಟ್ಟಿನಲ್ಲಿ ಕ್ಲಾರಿನೆಟ್ಟಂತೆ, ನಲವತ್ತು ವರ್ಷ.

ಫಾರಮ್ಮಿನಲ್ಲಿ ಅದಕ್ಕೆ ಜಾಗವಿಲ್ಲ.
ಪೆನ್ಸಿಲಿನಲ್ಲಿ ಬರೆದೆ,
ಅಂಚಿಗೆ.